ತಲೆಯಾಡಿಸುವ ಗ್ಯಾಂಟ್ರಿ

ಮನೆಯಲ್ಲಿ ಹವ್ಯಾಸಕ್ಕೆ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದ ಹಾಗೆ ಓಡಾಡಿ ಮರ, ಲೋಹ ಕೊರೆಯುವ ಮಷೀನ್) ಕಟ್ಟಿಕೊಂಡವರು "ಕಟಿಂಗ್‌ನಲ್ಲಿ ಯಾಕೆ ಹೀಗೆ ಗೆರೆ ಬರ್ತಿದೆ?" ಅಂತ ಯಾರನ್ನೇ ಕೇಳಲಿ, ಉತ್ತರ ಒಂದೇ. "ನಿಮ್ಮ ಮಷೀನ್ ಗಟ್ಟಿ ಇಲ್ಲ." ಆಮೇಲೆ ಸಲಹೆಗಳು ಶುರು. ಟೊಳ್ಳು ಅಲ್ಯೂಮಿನಿಯಂ ಪ್ರೊಫೈಲ್ ಒಳಗೆ ಮರಳು ತುಂಬಿಸಿ. ಅಲ್ಯೂಮಿನಿಯಂ ಬಿಟ್ಟು ಕಬ್ಬಿಣ ಹಾಕಿ. 20 ಎಂಎಂ ರೈಲ್ ತಗೊಳ್ಳಿ. ದೊಡ್ಡ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಹಾಕಿ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮಷೀನ್ ಅಂದರೆ ಒಂದು ವಸ್ತು ಅಲ್ಲವಲ್ಲ. ಕೊರೆಯುವ ಬಿಟ್, ಅದನ್ನ ಹಿಡಿಯುವ ಕಾಲೆಟ್, ಸ್ಪಿಂಡಲ್, ಅದರ ಕ್ಲ್ಯಾಂಪ್, ಸ್ಪಿಂಡಲನ್ನ ಮೇಲೆ ಕೆಳಗೆ ಒಯ್ಯುವ ಝಡ್ ಪ್ಲೇಟ್, ರೈಲಿನ ಬ್ಲಾಕ್, ಬೀಮ್, ಸೈಡ್ ಪ್ಲೇಟ್, ಮತ್ತೆ ರೈಲು, ಬೆಡ್, ಸ್ಟ್ಯಾಂಡ್. ಇಷ್ಟರಲ್ಲಿ ಯಾವುದು ಗಟ್ಟಿ ಇಲ್ಲ? ಇದನ್ನ ಕೇಳುವವರೇ ಕಡಿಮೆ. ಯಾವುದು ಸಡಿಲ ಅಂತ ಗೊತ್ತಿಲ್ಲದೆ ಎಲ್ಲವನ್ನೂ ಗಟ್ಟಿ ಮಾಡಲು ಹೊರಟರೆ ದುಡ್ಡು ಖರ್ಚಾಗುತ್ತದೆ, ಗೆರೆ ಹಾಗೇ ಇರುತ್ತದೆ.

ನನ್ನ ಚಿಕ್ಕಪ್ಪನ ಮಗನ ಮಷೀನ್ ನೋಡಿದ ಮೇಲೆ ಇದು ತಲೆಯಲ್ಲಿ ಕೊರೆಯುತ್ತಾ ಇದೆ. ಅವನಿರೋದು ತಿಪಟೂರಿನ ಹತ್ತಿರ. ಮನೆ ಹಿಂದೆ ಕೊಬ್ಬರಿಗೆ ಕಾಯಿ ಒಣಗಿಸುವ ಅಟ್ಟ, ಅದರ ಕೆಳಗಿನ ಖಾಲಿ ಕೋಣೆಯಲ್ಲಿ ಮಷೀನ್. ಮನೆ ಹೆಸರಿನ ಫಲಕ, ದೇವರ ಮನೆ ಬಾಗಿಲಿಗೆ ಜಾಲಿ, ಆಗಾಗ ಅಲ್ಯೂಮಿನಿಯಂನಲ್ಲಿ ಸಣ್ಣಪುಟ್ಟ ಬ್ರ್ಯಾಕೆಟ್ ಕೊರೆಯುತ್ತಾನೆ. ಗ್ಯಾಂಟ್ರಿಯ (ಬೆಡ್ ಮೇಲೆ ಸೇತುವೆ ಹಾಗೆ ನಿಂತು ಸ್ಪಿಂಡಲ್ ಹೊತ್ತು ಓಡಾಡುವ ಚೌಕಟ್ಟು) ಬೀಮ್‌ಗೆ ಅವನು ಹಾಕಿದ್ದು ಪ್ರೊಫೈಲ್ ಅಲ್ಲ, ಅಪ್ಪಟ ಐಎಸ್‌ಎಂಸಿ 100. ಶೆಡ್ ಕಟ್ಟೋರು ಹಾಕುವ ಕಬ್ಬಿಣದ ಸಿ ಚಾನೆಲ್. 100 ಎಂಎಂ ಎತ್ತರ, 50 ಎಂಎಂ ಅಗಲ, ಮೀಟರಿಗೆ ಒಂಬತ್ತು ಕೆಜಿ ಮೇಲೆ ತೂಕ. "ಅಣ್ಣ, ಇದಕ್ಕಿಂತ ಗಟ್ಟಿ ಏನ್ ಹಾಕ್ಲಿ?" ಅಂತ ಫೋನಿನಲ್ಲಿ ಕೇಳಿದ. ಕೇಳೋದು ಸರಿಯಾಗೇ ಇತ್ತು. ಉಕ್ಕು ಅಲ್ಯೂಮಿನಿಯಂಗಿಂತ ಮೂರು ಪಟ್ಟು ಬಿಗಿ. ಆದರೂ ಎಚ್‌ಇ 30 ಅನ್ನೋ ಅಲ್ಯೂಮಿನಿಯಂ ಪ್ಲೇಟ್ ಕೊರೆದರೆ ಅಂಚಿನಲ್ಲಿ ಸಣ್ಣ ಸಣ್ಣ ಅಲೆ.

ಯಾವ ಗೋಡೆ ಕೆಟ್ಟಿದೆ ಅಂತ ಮೊದಲು ನೋಡಿ

ನಾನು ಹೋದಾಗ ಅವನು ಹೆದರಿ ಫೀಡ್, ಅಂದರೆ ಬಿಟ್ ಮುಂದೆ ಸಾಗುವ ವೇಗ, ಪೂರ್ತಿ ಇಳಿಸಿಬಿಟ್ಟಿದ್ದ. ನಿಮಿಷಕ್ಕೆ 150 ಎಂಎಂ, ಸ್ಪಿಂಡಲ್ ಮಾತ್ರ ನಿಮಿಷಕ್ಕೆ 24,000 ಸುತ್ತಿನಲ್ಲಿ ಓಡುತ್ತಿತ್ತು. ಒಂದೇ ಹಲ್ಲಿನ ಬಿಟ್. 150ನ್ನ 24,000ದಿಂದ ಭಾಗಿಸಿ ನೋಡಿ. ಹಲ್ಲು ಒಂದು ಸುತ್ತಿಗೆ ತೆಗೆಯೋದು ಒಂದು ಎಂಎಂನಲ್ಲಿ ಸಾವಿರದ ಆರು ಭಾಗ. ಅಷ್ಟು ತೆಳ್ಳಗೆ ಅದು ಕೊರೆಯೋದಿಲ್ಲ, ಉಜ್ಜುತ್ತದೆ. ಬಿಟ್ ಕಾಯುತ್ತದೆ, ಅಲ್ಯೂಮಿನಿಯಂ ಹಲ್ಲಿಗೆ ಅಂಟುತ್ತದೆ, ಕಿವಿ ತೂತಾಗೋ ಹಾಗೆ ಕಿರುಚುತ್ತದೆ. ಕಿರುಚಿದ ಕೂಡಲೇ ಇನ್ನೂ ನಿಧಾನ ಮಾಡೋಣ ಅನಿಸೋದು ಸಹಜ. ಆದರೆ ಇಲ್ಲಿ ಬೇಕಾದ್ದು ಉಲ್ಟಾ. ಸ್ಪೀಡ್ 18,000ಕ್ಕೆ ಇಳಿಸಿ, ಫೀಡ್ 600ಕ್ಕೆ ಏರಿಸಿ, ಪ್ರತಿ ಪಾಸಿಗೆ ಆಳ 0.3 ಎಂಎಂ ಇಟ್ಟೆವು. ಕಿರುಚಾಟ ನಿಂತಿತು. ಕೆಳಗೆ ಪುಡಿ ಬೀಳುತ್ತಿದ್ದದ್ದು ಹೋಗಿ ಚೂರು ಬೀಳಲು ಶುರುವಾಯಿತು. ಅಲೆ ಮಾತ್ರ ಹೋಗಲಿಲ್ಲ. ಒಂದು ಮಂದವಾದ ಗುರ್ ಗುರ್ ಕೂಡ ಉಳಿಯಿತು.

ಆಮೇಲೆ ಒಂದು ಚೌಕ ಕೊರೆಸಿದೆವು. 40 ಎಂಎಂ ಬದಿಯ ಸುಮ್ನೆ ಒಂದು ಕುಳಿ. ನಾಲ್ಕು ಗೋಡೆಗಳಲ್ಲಿ ಎರಡು ಚೆನ್ನಾಗಿದ್ದವು, ಎರಡು ಕೆಟ್ಟಿದ್ದವು. ಕೆಟ್ಟವೆರಡೂ ಎಕ್ಸ್ ದಿಕ್ಕಿಗೆ, ಅಂದರೆ ಬೀಮಿನ ಉದ್ದಕ್ಕೆ, ಸಮಾನಾಂತರ. ಅಂದರೆ ಬಿಟ್ ಎಕ್ಸ್‌ನಲ್ಲಿ ಹೋಗುವಾಗ ವೈ ಕಡೆಗೆ, ಹಿಂದಕ್ಕೆ ಮುಂದಕ್ಕೆ, ಅಲುಗುತ್ತಿದೆ. ಗೋಡೆಗೆ ಅಡ್ಡಲಾಗಿ ಆದ ಅಲುಗಾಟವೇ ಆ ಗೋಡೆಯ ಮೇಲೆ ಅಚ್ಚಾಗೋದು. ಒಂದು ಚೌಕದಿಂದ ಅರ್ಧ ಮಷೀನನ್ನ ಅನುಮಾನದಿಂದ ಹೊರಗಿಡಬಹುದು. ಎಕ್ಸ್ ಸ್ಕ್ರೂ, ಅದರ ನಟ್, ಅವೆಲ್ಲ ಬಚಾವ್.

ಇನ್ನೊಂದು ಸಣ್ಣ ಲೆಕ್ಕ. ಅಲೆಗಳನ್ನ ಫೋನ್ ಕ್ಯಾಮೆರಾ ಹತ್ತಿರ ಹಿಡಿದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಎಣಿಸಿದೆವು. ಅಲೆಯಿಂದ ಅಲೆಗೆ ಸುಮಾರು 0.4 ಎಂಎಂ. ಫೀಡ್ ನಿಮಿಷಕ್ಕೆ 600, ಸೆಕೆಂಡಿಗೆ 10 ಎಂಎಂ. ಹತ್ತನ್ನ 0.4ರಿಂದ ಭಾಗಿಸಿದರೆ 25. ಸೆಕೆಂಡಿಗೆ 25 ಸಲ ಏನೋ ತೂಗುತ್ತಿದೆ. ಬಿಟ್ಟಿನ ಹಲ್ಲು ತಾಗೋದು ಸೆಕೆಂಡಿಗೆ 300 ಸಲ, ಹಾಗಾಗಿ ಇದು ಹಲ್ಲಿನ ಗುರುತಲ್ಲ. (ಸ್ಪಿಂಡಲ್ ವೇಗ ಬದಲಿಸುವ ವಿಎಫ್‌ಡಿ ಅನ್ನೋ ಡ್ರೈವ್ ಇರೋರಿಗೆ ಒಂದು ಸುಲಭ: 400 ಹರ್ಟ್ಜ್‌ಗೆ 24,000 ತಿರುಗುವ ಸ್ಪಿಂಡಲ್ ಆದರೆ, ಒಂದು ಹಲ್ಲಿನ ಬಿಟ್ ಸೆಕೆಂಡಿಗೆ ಎಷ್ಟು ಸಲ ತಾಗುತ್ತದೆ ಅನ್ನೋದು ಡಿಸ್‌ಪ್ಲೇನಲ್ಲೇ ಬರೆದಿರುತ್ತದೆ.) ಅಲುಗಾಟ ಅಳೆಯೋಕೆ ಫೋನಿಗೆ ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ, ಜರ್ಮನಿಯ ಆಖೆನ್ ಯೂನಿವರ್ಸಿಟಿಯವರು ಮಾಡಿದ್ದು, ಬಿಟ್ಟಿ. ಫೋನನ್ನ ಝಡ್ ಪ್ಲೇಟಿಗೆ ಟೇಪ್ ಸುತ್ತಿ ಅಂಟಿಸಿ, ಮಷೀನ್ ಆಫ್ ಮಾಡಿ, ರಬ್ಬರ್ ಸುತ್ತಿಗೆಯಿಂದ ಗ್ಯಾಂಟ್ರಿಗೆ ಮುಂದಿನಿಂದ ಒಂದು ಮೆಲ್ಲನೆ ಪೆಟ್ಟು ಕೊಟ್ಟೆವು. ಗ್ರಾಫಿನಲ್ಲಿ ಶಿಖರ ಎದ್ದದ್ದು 25ರ ಅಕ್ಕಪಕ್ಕದಲ್ಲೇ. ನಿಜ ಹೇಳಬೇಕೆಂದರೆ ಆವತ್ತು ನನಗೆ ಸಿಕ್ಕ ಖುಷಿಯಲ್ಲಿ ಅರ್ಧ ಇಲ್ಲೇ ಸಿಕ್ಕಿತು.

ಐದು ಕೆಜಿ ಎಳೆತ

ಗ್ಯಾಂಟ್ರಿ ತೂಗುತ್ತಿದೆ ಅಂತ ಗೊತ್ತಾಯಿತು. ಗ್ಯಾಂಟ್ರಿಯಲ್ಲಿ ಎಲ್ಲಿ? ಇದಕ್ಕೆ ಬೇಕಾದ್ದು ಮ್ಯಾಗ್ನೆಟ್ ಸ್ಟ್ಯಾಂಡ್ ಇರೋ ಒಂದು ಡಯಲ್ ಗೇಜ್ (ಚೂರು ಜರುಗಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ), ಮತ್ತೆ ಊರಿಗೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆ ತಕ್ಕಡಿ. ಕಾಲೆಟ್‌ಗೆ ಬಿಟ್ ಬದಲು ಒಂದು 6 ಎಂಎಂ ಡೋವೆಲ್ ಪಿನ್ ಹಾಕಿ, ಅದಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, 5 ಕೆಜಿ ತೋರಿಸೋವರೆಗೆ ವೈ ದಿಕ್ಕಿಗೆ ಎಳೆಯೋದು. ಮೋಟರ್‌ಗಳಿಗೆ ಕರೆಂಟ್ ಇರಬೇಕು, ಇಲ್ಲದಿದ್ದರೆ ಸ್ಕ್ರೂ ತಿರುಗಿಬಿಡಬಹುದು. ಮಷೀನ್ ನಡೆಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್‌ನಲ್ಲಿ $1=255 ಕೊಟ್ಟರೆ ಮೋಟರ್ ಬಿಗಿ ಹಿಡಿದುಕೊಂಡೇ ಇರುತ್ತದೆ. ಡಯಲ್ ನಿಂತಿರೋದು ಬೆಡ್ ಮೇಲೆ. ತಮ್ಮ ಎಳೆದ, ನಾನು ಮುಳ್ಳು ನೋಡಿದೆ.

ಪಿನ್ನಿನ ತುದಿಯಲ್ಲಿ 0.38 ಎಂಎಂ. ಅಲ್ಯೂಮಿನಿಯಂ ಕೊರೆಯೋ ಮಷೀನಿಗೆ ಇದು ತೀರಾ ಜಾಸ್ತಿ. ಹೋಲಿಕೆಗೆ ಹೇಳ್ತೀನಿ: ಅವನು ಬಳಸೋ 3.175 ಎಂಎಂ ಕಾರ್ಬೈಡ್ ಬಿಟ್ 20 ಎಂಎಂ ಹೊರಗೆ ಚಾಚಿದ್ದರೆ, ಇದೇ ಐದು ಕೆಜಿಗೆ ಅದು ಬಗ್ಗೋದು ಲೆಕ್ಕದ ಪ್ರಕಾರ 0.04 ಮಾತ್ರ. ಕಡ್ಡಿಯಂಥ ಬಿಟ್ ಬಗ್ಗುತ್ತೆ ಅಂತ ಎಲ್ಲರೂ ಅದನ್ನೇ ಬೈಯುತ್ತಾರೆ, ಆದರೆ ಅದನ್ನ ಹಿಡಿದುಕೊಂಡಿರೋ ಮಷೀನ್ ಅದಕ್ಕಿಂತ ಒಂಬತ್ತು ಪಟ್ಟು ಜಾಸ್ತಿ ಜಗ್ಗುತ್ತಿದೆ. ಹಾಗಂತ ಬಿಟ್ಟನ್ನ ಮರೆಯೋಹಾಗಿಲ್ಲ. ಅದೇ ಬಿಟ್ 40 ಎಂಎಂ ಚಾಚಿದರೆ ಬಾಗು ಎಂಟು ಪಟ್ಟಾಗುತ್ತದೆ, 0.35 ಮುಟ್ಟುತ್ತದೆ. ಉದ್ದ ಎರಡಾದರೆ ಬಾಗು ಎಂಟು. ಆದಷ್ಟು ಒಳಕ್ಕೆ ತಳ್ಳಿ ಹಿಡಿಸಿ, ಇದಕ್ಕೆ ಪೈಸೆ ಖರ್ಚಿಲ್ಲ.

ಆಮೇಲೆ ಡಯಲನ್ನ ಒಂದೊಂದೇ ಮೆಟ್ಟಿಲು ಮೇಲಕ್ಕೆ ಒಯ್ದೆವು. ಸ್ಪಿಂಡಲ್ ಕ್ಲ್ಯಾಂಪ್, ಝಡ್ ಪ್ಲೇಟು, ಅಲ್ಲೆಲ್ಲ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂತು. ಬೀಮಿನ ಮಧ್ಯದ ಕೆಳ ಅಂಚಿಗೆ ಮುಟ್ಟಿಸಿದರೆ 0.12. ಅದೇ ಜಾಗದ ಮೇಲಂಚಿಗೆ ಮುಟ್ಟಿಸಿದರೆ ಮುಳ್ಳು ಉಲ್ಟಾ ತಿರುಗಿತು. ತಮ್ಮ "ಇನ್ನೊಂದ್ಸಲ" ಅಂದ, ಇನ್ನೊಂದು ಸಲವೂ ಉಲ್ಟಾನೇ. ಕೆಳಗಡೆ ನಮ್ಮ ಕಡೆಗೆ ಬರುತ್ತಿದೆ, ಮೇಲ್ಗಡೆ ನಮ್ಮಿಂದ ದೂರ ಹೋಗುತ್ತಿದೆ. ಬೀಮ್ ಬಗ್ಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ನಮಸ್ಕಾರ ಹೇಳೋರ ಹಾಗೆ ಇಡೀ ಗ್ಯಾಂಟ್ರಿ ತಲೆಯಾಡಿಸುತ್ತಿದೆ. ಬೀಮಿನ ತುದಿಗೆ, ಸೈಡ್ ಪ್ಲೇಟಿನ ಪಕ್ಕಕ್ಕೇ ಹೋದರೂ ಕೆಳ ಅಂಚಿನಲ್ಲಿ 0.08 ಉಳಿದಿತ್ತು. ಅಲ್ಲಿಂದ ಒಂದು ಬೆರಳು ಆಚೆ, ಸೈಡ್ ಪ್ಲೇಟಿನ ಮೇಲೆ, 0.04. ಬೋಲ್ಟ್ ಹಾಕಿ ಬಿಗಿದ ಎರಡು ತುಂಡುಗಳ ನಡುವೆ ಅರ್ಧಕ್ಕರ್ಧ ವ್ಯತ್ಯಾಸ! ಇನ್ನು ಬೋಲ್ಟ್ ಬಿಗಿ ಮಾಡೋಣ ಅಂದ್ರೆ ಅವು ಆಗಲೇ ಕಿತ್ತು ಬರೋಷ್ಟು ಬಿಗಿ ಇದ್ದವು.

ಪೀಣ್ಯದಲ್ಲಿ

ಬೀಮು, ಎರಡೂ ಸೈಡ್ ಪ್ಲೇಟು ಬಿಚ್ಚಿ ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು ಬೆಂಗಳೂರಿಗೆ ತಂದೆ. ಪೀಣ್ಯದಲ್ಲಿ ನನಗೆ ಪರಿಚಯದ ಒಂದು ಜಾಬ್ ವರ್ಕ್ ಶಾಪ್ ಇದೆ. ಎರಡು ಮಿಲ್ಲಿಂಗು, ಒಂದು ಸರ್ಫೇಸ್ ಗ್ರೈಂಡರು, ಬಾಗಿಲಲ್ಲೇ ಚಿಪ್ಸ್ ತುಂಬಿದ ಡ್ರಮ್ಮು. ಅಲ್ಲಿನ ಹಿರಿಯ ಮೇಸ್ತ್ರಿಗೆ ನಾನು ಇಡೀ ಕಥೆ ಹೇಳಲು ಬಾಯಿ ತೆಗೆದೆ. ಅವರು ಕೇಳಲಿಲ್ಲ. ಚಾನೆಲ್ಲಿನ ತುದಿಗೆ ವೆಲ್ಡ್ ಮಾಡಿದ್ದ ಎಂಡ್ ಪ್ಲೇಟಿನ ಮೇಲೆ ಬೆರಳು ಆಡಿಸಿ, ಒಳಗಿನಿಂದ ನೀಲಿ ಟ್ಯೂಬ್ ತರಿಸಿದರು. ಬಟ್ಟೆ ಸುತ್ತಿದ ಬೆರಳಿನಿಂದ ಸೈಡ್ ಪ್ಲೇಟಿಗೆ ಆ ನೀಲಿಯನ್ನ ತೆಳ್ಳಗೆ, ಕಂಡೂ ಕಾಣದ ಹಾಗೆ ಸವರಿದರು. ಎಂಡ್ ಪ್ಲೇಟನ್ನ ಅದರ ಮೇಲೆ ಕೂರಿಸಿ, ಚೂರು ಅಲ್ಲಾಡಿಸಿ, ಎತ್ತಿ ನನ್ನ ಕಡೆ ತಿರುಗಿಸಿದರು. ಅಂಗೈ ಅಗಲದ ಪ್ಲೇಟು. ನೀಲಿ ಹತ್ತಿದ್ದು ಮೇಲಿನ ಒಂದು ಮೂಲೆಗೆ, ಉಗುರಿನಷ್ಟು, ಮತ್ತೆ ಕೆಳಗಡೆ ಒಂದು ಗೆರೆ. ಉಳಿದಿದ್ದೆಲ್ಲ ಬೂದು ಬಣ್ಣದ ಖಾಲಿ ಕಬ್ಬಿಣ.

"ಇಷ್ಟೇ ಸಾರ್ ಹಿಡ್ಕೊಂಡಿರೋದು. ಮಿಕ್ಕಿದ್ದು ಸುಮ್ನೆ ಶೋ" ಅಂದರು. ಫೀಲರ್ ಗೇಜಿನ 0.15 ಪಟ್ಟಿ ಸಂದಿಯೊಳಕ್ಕೆ ಆರಾಮಾಗಿ ಹೋಯಿತು. "ಎಳೆದ್ರೆ ಇಲ್ಲಿ ಬಾಯಿ ಬಿಡುತ್ತೆ, ಬಿಟ್ರೆ ಮುಚ್ಕೊಳ್ಳುತ್ತೆ. ಬೋಲ್ಟ್ ಎಷ್ಟ್ ಟೈಟ್ ಮಾಡಿದ್ರೂ ಅಷ್ಟೆ. ಕೂರೋ ಜಾಗ ಸರಿ ಇರ್ಬೇಕು."

ಅವರು ನೀಲಿಯಲ್ಲಿ ಎರಡೇ ನಿಮಿಷದಲ್ಲಿ ತೋರಿಸಿದ್ದನ್ನ ನಮ್ಮ ಡಯಲ್ 0.08 ಮತ್ತು 0.04 ಅಂತ ಅಂಕಿಯಲ್ಲಿ ಹೇಳಿತ್ತು. ಎರಡೂ ಬೇಕು ಅಂತ ನನಗನಿಸುತ್ತದೆ. ಡಯಲ್ ಇಲ್ಲದಿದ್ದರೆ ಆ ಜಾಯಿಂಟನ್ನೇ ಹುಡುಕಿ ಬಿಚ್ಚುತ್ತಿರಲಿಲ್ಲ, ನೀಲಿ ಇಲ್ಲದಿದ್ದರೆ ಬೋಲ್ಟ್ ಬಿಗಿದ ಮೇಲೂ ಅದು ಯಾಕೆ ಜರುಗುತ್ತದೆ ಅಂತ ತಿಳಿಯುತ್ತಿರಲಿಲ್ಲ. ಚಾನೆಲ್ಲಿಗೆ ಎಂಡ್ ಪ್ಲೇಟ್ ವೆಲ್ಡ್ ಮಾಡಿದಾಗ ಬಿಸಿಗೆ ಎಳೆದುಕೊಂಡು ಅದು ವಾರೆಯಾಗಿತ್ತು. ವೆಲ್ಡ್ ಆದ ಮೇಲೆ ಅದನ್ನ ಫೇಸಿಂಗ್, ಅಂದರೆ ಮಷೀನಿನಲ್ಲಿ ಮುಖ ಸಮ, ಮಾಡಿಸಬೇಕು, ಹಳ್ಳಿಯ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಆ ಮಷೀನ್ ಎಲ್ಲಿಂದ ಬರಬೇಕು? ಗೇಟು, ಗ್ರಿಲ್ಲಿಗೆ ಅದರ ಅಗತ್ಯವೂ ಇಲ್ಲ. ಎರಡೂ ತುದಿಗಳನ್ನ, ಹಾಗೇ ರೈಲು ಕೂರುವ ಮುಖವನ್ನ, ಒಂದೇ ಸೆಟ್ಟಿಂಗ್‌ನಲ್ಲಿ ಮಿಲ್ಲಿಂಗ್ ಮಾಡಿಸಿಕೊಂಡೆವು. ವಾಪಸ್ ಕೂರಿಸಿ ಮತ್ತೆ ಅದೇ ತಕ್ಕಡಿ, ಅದೇ 5 ಕೆಜಿ. 0.38 ಇದ್ದದ್ದು 0.27ಕ್ಕೆ ಇಳಿಯಿತು. ಒಂದು ಗ್ರಾಂ ಕಬ್ಬಿಣವೂ ಸೇರಿಸಲಿಲ್ಲ. ಸ್ವಲ್ಪ ತೆಗೆದಿದ್ದೇ ಹೊರತು.

ಮಿಲ್ಲಿಂಗ್ ಸೌಲಭ್ಯ ಇಲ್ಲದೋರು ತಂಪು ಪಾನೀಯದ ಕ್ಯಾನ್ ಕತ್ತರಿಸಿ ಸಂದಿಗೆ ಶಿಮ್ (ತೆಳು ತಗಡಿನ ತುಂಡು) ಹಾಕಬಹುದು. ಅದರ ತಗಡು ಸುಮಾರು 0.1 ಎಂಎಂ ಇರುತ್ತದೆ. ಚೆಂದದ ಕೆಲಸ ಅಲ್ಲ, ಆದರೆ ಖಾಲಿ ಸಂದಿಗಿಂತ ವಾಸಿ.

ಅಗರಬತ್ತಿ ಡಬ್ಬಿ

ಇನ್ನೂ 0.27 ಉಳಿದಿತ್ತು, ಬೀಮ್ ಇನ್ನೂ ತಲೆಯಾಡಿಸುತ್ತಿತ್ತು. ತಮ್ಮನಿಗೆ ಇದು ನಂಬಲಾಗದ ವಿಷಯ. ಅಷ್ಟು ದಪ್ಪ ಕಬ್ಬಿಣ ತಿರುಚಿಕೊಳ್ಳೋದು ಹೇಗೆ? ಅವನ ದೇವರ ಕೋಣೆಯಿಂದಲೇ ಒಂದು ಖಾಲಿ ಅಗರಬತ್ತಿ ಡಬ್ಬಿ ತರಿಸಿದೆ, ಉದ್ದನೆ ರಟ್ಟಿನ ಚೌಕ ಡಬ್ಬಿ. ಎರಡೂ ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಲು ಹೇಳಿದೆ. ಅಷ್ಟು ಸುಲಭಕ್ಕೆ ತಿರುಗಲಿಲ್ಲ. ಆಮೇಲೆ ಬ್ಲೇಡಿನಿಂದ ಒಂದು ಮೂಲೆಯ ಉದ್ದಕ್ಕೂ ಸೀಳಿ ಕೊಟ್ಟೆ. ರಟ್ಟು ಅದೇ, ಅಳತೆ ಅದೇ. ಕೈಯಲ್ಲಿ ಹಾವಿನ ಹಾಗೆ ಸುತ್ತಿಕೊಂಡಿತು.

ಸಿ ಚಾನೆಲ್ ಅಂದರೆ ಸೀಳಿದ ಡಬ್ಬಿ. ಮೇಲಿನಿಂದ ಭಾರ ಹೇರಿದರೆ ಅದು ಶೂರ. ಅದಕ್ಕೇ ಛಾವಣಿಗೆ ಹಾಕ್ತಾರೆ. ಆದರೆ ರೂಟರಿನ ಬಿಟ್ಟು ಬೀಮಿಗಿಂತ 150 ಎಂಎಂ ಕೆಳಗೆ ನೇತಾಡುತ್ತಿರುತ್ತದೆ, ಅಲ್ಲಿ ಎಳೆದರೆ ಬೀಮಿಗೆ ಬೀಳೋದು ಭಾರ ಅಲ್ಲ, ತಿರುಚು. ತಿರುಚಿಗೆ ತೆರೆದ ಚಾನೆಲ್ಲಿಗೂ ಅದೇ ಅಳತೆಯ ಮುಚ್ಚಿದ ಡಬ್ಬಿಗೂ ಇರೋ ವ್ಯತ್ಯಾಸ ಎರಡು ಮೂರು ಪಟ್ಟು ಅಲ್ಲ. ಐಎಸ್‌ಎಂಸಿ 100ರ ಬಾಯಿಗೆ 5 ಎಂಎಂ ಪ್ಲೇಟ್ ಮುಚ್ಚಿದರೆ ಕಾಗದದ ಲೆಕ್ಕದಲ್ಲಿ ಎಂಬತ್ತು ಪಟ್ಟಿಗೂ ಮೇಲೆ ಬರುತ್ತದೆ. ಬೋಲ್ಟ್ ಹಾಕಿ ಮುಚ್ಚಿದರೆ ಅಷ್ಟು ಸಿಗೋದಿಲ್ಲ, ಪೂರ್ತಿ ವೆಲ್ಡ್ ಮಾಡಿದರೆ ಮತ್ತೆ ಎಳೆದುಕೊಂಡು ವಾರೆಯಾಗುತ್ತದೆ. ಫೇಸಿಂಗ್ ಮಾಡಿಸಿದ ದುಡ್ಡೂ ನೀರಿಗೆ. ಹಾಗಾಗಿ 5 ಎಂಎಂ ಎಂಎಸ್ ಪ್ಲೇಟನ್ನ ಹಿಂಬದಿಗೆ ಒತ್ತೊತ್ತಾಗಿ ಎಂ6 ಬೋಲ್ಟ್ ಹಾಕಿ, ನಡುವೆ ಎಪಾಕ್ಸಿ ಹಚ್ಚಿ ಬಿಗಿದೆವು. ಮಾರನೆ ದಿನ ಎಳೆದು ನೋಡಿದರೆ 0.15. ಫೋನ್ ಅಂಟಿಸಿ ತಟ್ಟಿದರೆ ಶಿಖರ 25ರಿಂದ 37ರ ಹತ್ತಿರಕ್ಕೆ ಜರುಗಿತ್ತು.

ಗ್ಯಾಂಟ್ರಿಗೆ ಮರಳು ತುಂಬಿಸಿ ಅನ್ನೋರಿಗೆ ಇಲ್ಲೊಂದು ಮಾತು. ಮರಳು ಅಲುಗಾಟವನ್ನ ಬೇಗ ನಿಲ್ಲಿಸುತ್ತದೆ, ನಿಜ. ಬಿಗಿ ಮಾತ್ರ ಕೊಡೋದಿಲ್ಲ. ಬಿಗಿ ಅಷ್ಟೇ ಇದ್ದು ತೂಕ ಜಾಸ್ತಿಯಾದರೆ ತೂಗಾಟ ಇನ್ನೂ ನಿಧಾನವಾಗುತ್ತದೆ, ಶಿಖರ 25ರಿಂದ ಕೆಳಗೆ ಇಳಿಯುತ್ತದೆ. ಓಡಾಡುವ ಭಾಗಕ್ಕೆ ಸುಮ್ನೆ ತೂಕ ಹೇರೋದು ಮೋಟರಿಗೂ ಕಷ್ಟ. ತೂಕ ಬೇಕಿದ್ದರೆ ಕೆಳಗೆ ಹಾಕಿ. ಅಡುಗೆಮನೆ ಕಟ್ಟೆಯಲ್ಲಿ ಉಳಿದ ಗ್ರಾನೈಟ್ ತುಂಡು ಬೆಡ್ ಕೆಳಗೆ ಇಡೋಕೆ ಚೆನ್ನಾಗಿರುತ್ತದೆ.

ಕೂಗು ಬೇರೆ, ಕುಣಿತ ಬೇರೆ

ಬಿಟ್ ಕಿರುಚೋದು, ಗ್ಯಾಂಟ್ರಿ ಗುರ್ ಅನ್ನೋದು, ಇಡೀ ಸ್ಟ್ಯಾಂಡ್ ಕುಣಿಯೋದು, ಈ ಮೂರಕ್ಕೂ ಜನ "ವೈಬ್ರೇಶನ್" ಅಂತ ಒಂದೇ ಹೆಸರು ಇಟ್ಟಿದ್ದಾರೆ. ಅದರಿಂದಾನೇ ಅರ್ಧ ಗೊಂದಲ. ಕಿರುಚುವಿಕೆಯಲ್ಲಿ ಕೂಡ ಎರಡು ಜಾತಿ. ಸ್ಪಿಂಡಲ್ ಸ್ಪೀಡ್ ಬದಲಿಸಿ ಕಿವಿಗೊಟ್ಟು ಕೇಳಿ. ಸ್ಪೀಡಿನ ಜೊತೆಗೇ ಸ್ವರವೂ ಏರಿಳಿದರೆ ಅದು ಹಲ್ಲು ತಾಗುವ ಸದ್ದು, ಅಥವಾ ಕಾಲೆಟ್‌ನಲ್ಲಿ ಧೂಳು ಕೂತು ಬಿಟ್ ವಾರೆ ತಿರುಗುತ್ತಿರೋದು. ಸ್ಪೀಡ್ ಬದಲಾದರೂ ಸ್ವರ ಹಟ ಹಿಡಿದು ಅಲ್ಲೇ ನಿಂತರೆ ಅದು ನಿಜವಾದ ಚಾಟರ್. ಹಿಂದಿನ ಹಲ್ಲು ಬಿಟ್ಟುಹೋದ ಅಲೆಯ ಮೇಲೆ ಮುಂದಿನ ಹಲ್ಲು ಹಾಯುತ್ತದೆ, ಒಮ್ಮೆ ದಪ್ಪ ಒಮ್ಮೆ ತೆಳು ಕೊರೆಯುತ್ತದೆ, ಆ ಏರುಪೇರು ಮತ್ತೆ ಬಿಟ್ಟನ್ನ ಅಲುಗಿಸುತ್ತದೆ, ಹೊಸ ಅಲೆ ಹಳೆಯದಕ್ಕಿಂತ ದೊಡ್ಡದಾಗುತ್ತದೆ. ಫ್ರೆಡ್ರಿಕ್ ಟೇಲರ್ ಅನ್ನೋ ಅಮೆರಿಕದ ಎಂಜಿನಿಯರ್ 1907ರಲ್ಲೇ ಯಂತ್ರ ಕೆಲಸದವರಿಗೆ ಇದರಷ್ಟು ಅರ್ಥವಾಗದ ಸಮಸ್ಯೆ ಇನ್ನೊಂದಿಲ್ಲ ಅನ್ನೋ ಧಾಟಿಯಲ್ಲಿ ಬರೆದಿದ್ದ. ಈ ಅಲೆ ಮೇಲೆ ಅಲೆಯ ಗುಟ್ಟು ಟೋಬಿಯಾಸ್, ಟ್ಲುಸ್ಟಿ ಮುಂತಾದವರಿಂದ ಸರಿಯಾಗಿ ಬಿಡಿಸಿಕೊಂಡದ್ದು 1950ರ ದಶಕದಲ್ಲಿ. ನಮ್ಮಂಥೋರಿಗೆ ಅದರಿಂದ ಸಿಗೋ ಉಪಾಯ ಸರಳ: ಸ್ಪೀಡನ್ನ ಸ್ವಲ್ಪ ಮೇಲೆ ಕೆಳಗೆ ಆಡಿಸಿ ನೋಡಿ, ಆಳ ಕಡಿಮೆ ಮಾಡಿ. ಫೀಡನ್ನ ಇಳಿಸಬೇಡಿ.

ಸ್ಟ್ಯಾಂಡ್ ಕುಣಿಯೋದು ಬೇರೆಯದೇ ಕಥೆ. ತಮ್ಮ ಗಣಪತಿ ಉಬ್ಬು ಕೆತ್ತುವಾಗ ಬಾಲ್ ನೋಸ್ ಬಿಟ್ ಚಿಕ್ಕ ಚಿಕ್ಕ ಗೆರೆಯಲ್ಲಿ ಹಿಂದೆ ಮುಂದೆ ಓಡುತ್ತದೆ. ಸೊಂಡಿಲಿನ ಹತ್ತಿರ ಬಂದಾಗ ಗೆರೆಗಳು ಗಿಡ್ಡವಾಗಿ, ತಿರುಗುವ ಲಯ ಸ್ಟ್ಯಾಂಡಿನ ತೂಗಾಟದ ಲಯಕ್ಕೆ ಸರಿಹೊಂದಿ, ಮೇಲಿಟ್ಟ ಚಹಾ ಲೋಟ ಜರುಗುತ್ತಿತ್ತು. ಅದಕ್ಕೆ ಗ್ಯಾಂಟ್ರಿಯಲ್ಲಿ ಮಾಡೋದೇನೂ ಇಲ್ಲ. ಚೌಕ ಪೈಪಿನ ಕಾಲುಗಳಿಗೆ ಎರಡು ಓರೆ ಪಟ್ಟಿ ವೆಲ್ಡ್ ಮಾಡಿಸಿದ. ಜಿಆರ್‌ಬಿಎಲ್‌ನಲ್ಲಿ ಎಕ್ಸ್, ವೈ ಎಷ್ಟು ಬೇಗ ವೇಗ ಹಿಡಿಯಬೇಕು ಅನ್ನೋ $120 ಮತ್ತು $121 ಎರಡನ್ನೂ 500ರಿಂದ 250ಕ್ಕೆ ಇಳಿಸಿದ. ಕೆಲಸ ಸ್ವಲ್ಪ ತಡ ಆಗುತ್ತದೆ, ಲೋಟ ನಿಂತಲ್ಲೇ ನಿಲ್ಲುತ್ತದೆ. ಕಪ್ಲಿಂಗ್‌ನ ಗ್ರಬ್ ಸ್ಕ್ರೂ, ಸ್ಕ್ರೂ ನಟ್ಟಿನ ಪ್ಲೇ, ಇವುಗಳ ಬಗ್ಗೆ ಎಲ್ಲರಿಗೂ ಗೊತ್ತೇ ಇದೆ ಅಲ್ವಾ. ನಾನು ಬರೆಯೋದಿಲ್ಲ.

ಉಳಿದ 0.15

ಈಗ ಉಳಿದ 0.15ರಲ್ಲಿ ದೊಡ್ಡ ಪಾಲು ಝಡ್‌ದು, ಸುಮಾರು 0.09. ತಮ್ಮನಿಗೆ ಆಗಲೇ ಹೊಸ ಝಡ್ ಕೊಳ್ಳುವ ಆಸೆ. ದಪ್ಪ ರೈಲಿಂದು ಎಲ್ಲೋ ನೋಡಿಟ್ಟಿದ್ದಾನೆ. ನಾನು ಬೇಡ ಅಂದೆ. ಅವನು ಕೊರೆಯುವ ಮರ 20 ಎಂಎಂ, ಅಲ್ಯೂಮಿನಿಯಂ 6 ಎಂಎಂ. ಅದಕ್ಕೋಸ್ಕರ ಸ್ಪಿಂಡಲ್ ಪ್ರತಿ ಸಲ ಪೂರ್ತಿ ಕೆಳಗಿಳಿದು ನೇತಾಡುತ್ತದೆ. ಬೆಡ್ ಮೇಲೆ ದಪ್ಪ ಪ್ಲೈವುಡ್ ಪದರ ಹಾಕಿ 50 ಎಂಎಂ ಎತ್ತರಿಸಿದರೆ 150 ಇದ್ದ ನೇತಾಟ 100 ಆಗುತ್ತದೆ. ತಿರುಚಿನಿಂದ ಬರೋ ಜರುಗು ಆ ಉದ್ದದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ, ಅಂದರೆ ಅರ್ಧಕ್ಕಿಂತ ಕಡಿಮೆ. ಪ್ಲೈವುಡ್ಡನ್ನ ಕೂರಿಸಿದ ಮೇಲೆ ಅದೇ ಮಷೀನಿನಿಂದ ಒಂದು ಸಲ ಮೇಲ್ಮೈ ಸವರಿಸಿದರೆ ಬೆಡ್ ಸಮವೂ ಆಗುತ್ತದೆ.

ಅವನ ತಕರಾರು ಬೇರೆ. ದಪ್ಪ ಬಾಗಿಲ ಚೌಕಟ್ಟು ಕೆತ್ತೋ ಆರ್ಡರ್ ಬಂದರೆ ಏನು ಮಾಡೋದು, ಆಗ ಜಾಗ ಸಾಲೋದಿಲ್ಲವಲ್ಲ ಅಂತ. ಇಲ್ಲಿವರೆಗೆ ಅಂಥ ಆರ್ಡರ್ ಬಂದಿಲ್ಲ. ಬಂದರೆ ಆ ಪ್ಲೈವುಡ್ ಬಿಚ್ಚೋಕೆ ಅಲೆನ್ ಕೀ ಒಂದು ಸಾಕು ಅಂತ ಹೇಳಿ ಬಂದಿದ್ದೀನಿ. ಪ್ಲೈವುಡ್ ಇನ್ನೂ ತಂದಿಲ್ಲ ಅಂತ ಕಾಣುತ್ತದೆ. ನಿನ್ನೆ ಮತ್ತೆ ಆ ದಪ್ಪ ರೈಲಿನ ಝಡ್ ಫೋಟೊ ಕಳಿಸಿದ್ದ.